ಹೊಸ ಡಿಸ್ಕ್, ಮೆತ್ತನೆ ಪೆಡಲ್

ಬನದ ಹುಣ್ಣಿಮೆಗೆ ಎಂಟು ದಿನ ಇರುವಾಗ ನಮ್ಮ ಮನೆಯ ಹಳೆಯ ಮಹೀಂದ್ರಾ ಜೀಪಿನ ಮುಂದಿನ ಎರಡೂ ಗಾಲಿಗಳ ಡ್ರಮ್ ಬಿಚ್ಚಿಸಿ ಡಿಸ್ಕ್ ಬ್ರೇಕ್ ಹಾಕಿಸಿದೆವು. ಪ್ರತಿವರ್ಷ ಬೈಲಹೊಂಗಲದಿಂದ ಎಲ್ಲಮ್ಮನ ಗುಡ್ಡಕ್ಕೆ ಮನೆಮಂದಿ, ಪಡಲಗಿ, ಬುತ್ತಿಗಂಟು ಎಲ್ಲ ತುಂಬಿಕೊಂಡು ಹೋಗುವ ಗಾಡಿ ಅದು. ಹುಣ್ಣಿಮೆ ಬಂತೆಂದರೆ ಸವದತ್ತಿ ದಾರಿಯ ತುಂಬ ಚಕ್ಕಡಿ, ಟ್ರ್ಯಾಕ್ಟರ್, ಕ್ರೂಸರ್, ನಡೆದು ಹೊರಟ ಭಕ್ತರು. ಕಬ್ಬಿನ ಹಂಗಾಮೂ ಅದೇ ಹೊತ್ತಿಗೆ. ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೊರಟ ಟ್ರ್ಯಾಕ್ಟರು, ಹಿಂದೆ ಕೆಂಪು ದೀಪವೂ ಇಲ್ಲದೆ, ಕತ್ತಲಲ್ಲಿ ಕಣ್ಣ ಮುಂದೆ ಒಮ್ಮೆಲೇ ಬಂದು ನಿಂತಂತಾಗುತ್ತದೆ. ಹಳೆಯ ಡ್ರಮ್ ಬ್ರೇಕಿಗೆ ಅಂಥ ಹೊತ್ತಲ್ಲಿ ಭರವಸೆ ಇರಲಿಲ್ಲ. ನೀರಲ್ಲಿ ಹಾದು ಬಂದರೆ ಹಿಡಿಯುತ್ತಿರಲಿಲ್ಲ, ಹಿಡಿದರೆ ಒಂದೇ ಕಡೆ ಎಳೆಯುತ್ತಿತ್ತು. ಅದಕ್ಕೇ ಡಿಸ್ಕ್.

ಗಾಡಿ ಮನೆಗೆ ತಂದ ದಿನ ಪೆಡಲ್ ಒತ್ತಿದರೆ ಹತ್ತಿ ತುಂಬಿದ ಅಂಡಿಗೆಯ ಮೇಲೆ ಕಾಲಿಟ್ಟಂತಾಯಿತು. ಅರ್ಧ ದೂರ ಹೋಗುವವರೆಗೆ ಏನೂ ಇಲ್ಲ, ಆಮೇಲೆ ಒಲ್ಲದ ಮನಸ್ಸಿನಿಂದ ಹಿಡಿದಂತೆ ಒಂದು ಹಿಡಿತ. "ಹೊಸಾದೈತ್ರಿ, ನಾಕ ದಿನ ಓಡಸ್ರಿ, ತಾನ ಕೂಡ್ತೈತಿ" ಎಂದರು ಕೆಲಸ ಮಾಡಿದವರು. ಬ್ರೇಕ್ ಬದಲಿಸಿಕೊಂಡ ಎಲ್ಲರೂ ಒಂದಿಲ್ಲೊಂದು ಗ್ಯಾರೇಜಿನಲ್ಲಿ ಈ ಮಾತು ಕೇಳಿರುತ್ತಾರೆ. ಇದನ್ನು ನಂಬಿ ರಸ್ತೆಗಿಳಿಯಬೇಡಿ. ಹೊಸ ಪ್ಯಾಡು ಡಿಸ್ಕಿನ ಮೈಗೆ ಹೊಂದಿಕೊಳ್ಳಲು ಕೆಲವು ಕಿಲೋಮೀಟರ್ ಬೇಕು ಎಂಬುದು ನಿಜ, ಅಷ್ಟರಲ್ಲಿ ಹಿಡಿತ ಸುಧಾರಿಸುತ್ತದೆ ಎಂಬುದೂ ನಿಜ. ಆದರೆ ಅರ್ಧ ಪೆಡಲ್ ಖಾಲಿ ಹೋಗುವುದಕ್ಕೂ ಪ್ಯಾಡ್ ಹೊಸದಾಗಿರುವುದಕ್ಕೂ ಸಂಬಂಧವಿಲ್ಲ. ಅದು ಎಲ್ಲೋ ಏನೋ ತಪ್ಪಿದೆ ಎಂಬುದರ ಗುರುತು. ಪೆಡಲ್ ನೆಲ ಮುಟ್ಟುತ್ತಿದ್ದರಂತೂ ಗಾಡಿಯನ್ನು ಮಿಸ್ತ್ರಿಯ ಹತ್ತಿರ ಎಳೆಸಿಕೊಂಡು ಹೋಗಿ. ಮೆಲ್ಲಗೆ ಓಡಿಸಿಕೊಂಡು ಹೋದೇನು ಎನ್ನಬೇಡಿ.

ನಮ್ಮ ಜೀಪಿನದು ಸರಿಹೋಗಲು ಆರು ದಿನ ಹಿಡಿಯಿತು. ಅದರಲ್ಲಿ ಮೊದಲ ಮೂರು ದಿನ ವ್ಯರ್ಥ. ಮೂರು ಸಲ 'ಏರ್ ತೆಗೆದು' ಎರಡು ಡಬ್ಬಿ ಬ್ರೇಕ್ ಆಯಿಲ್ ಚೆಲ್ಲಿದ್ದಷ್ಟೇ ಬಂತು. ಮೆತ್ತಗಾಯಿತು ಎನ್ನುವುದು ಜ್ವರ ಬಂತು ಎಂದಂತೆ. ಯಾವ ಜ್ವರ ಎಂದು ನೋಡದೆ ಗುಳಿಗೆ ಕೊಟ್ಟಂತೆ ನಾವು ಆಯಿಲ್ ಸುರಿದೆವು. ಪೆಡಲ್ ಮೆತ್ತಗಾಗುವುದರಲ್ಲಿ ನಾಲ್ಕೈದು ಬಗೆಗಳಿವೆ, ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಯಾವ ಬಗೆ ಎಂಬುದನ್ನು ಒಂದು ಪಾನಾ ಮುಟ್ಟದೆ, ಸೀಟಿನಲ್ಲಿ ಕುಳಿತೇ, ಕಾಲಿನಿಂದ ತಿಳಿಯಬಹುದು. ಈ ಬರಹದ ಮುಖ್ಯ ಮಾತು ಇದೇ.

ಮೊದಲು ಕಾಲು ಏನು ಹೇಳುತ್ತದೆ ಕೇಳಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ, ಎಂಜಿನ್ ಬಂದ್ ಮಾಡಿ. ಬೂಸ್ಟರ್ ಇರುವ ಗಾಡಿಯಾದರೆ ಐದಾರು ಸಲ ಪೆಡಲ್ ಒತ್ತಿ ಒಳಗಿನ ನಿರ್ವಾತ ಖಾಲಿ ಮಾಡಿ. ಈಗ ಒಮ್ಮೆ ಸಾವಕಾಶ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ.

ಮೇಲೆಯೇ ಕಲ್ಲಿನಂತೆ ನಿಂತು, ಅಲ್ಲೇ ಉಳಿದರೆ ಆಯಿಲಿನ ದಾರಿ ಬಹುಮಟ್ಟಿಗೆ ಸರಿ ಇದೆ. ಎಂಜಿನ್ ಚಾಲೂ ಮಾಡಿದಾಗ ಕಾಲಡಿಯ ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಬೂಸ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಅದನ್ನೇ ದೋಷವೆಂದು ತಿಳಿದು ಮಾಸ್ಟರ್ ಸಿಲಿಂಡರ್ ಬದಲಿಸಿದವರಿದ್ದಾರೆ.

ಒತ್ತಿದಾಗ ಸ್ಪ್ರಿಂಗಿನಂತೆ ಪುಟಿದರೆ, ಮತ್ತೆ ಮತ್ತೆ ಒತ್ತಿದರೆ ತುಸು ಮೇಲೇರಿದರೂ ಪುಟಿತ ಹೋಗದಿದ್ದರೆ, ಒಳಗೆ ಗಾಳಿ ಕುಳಿತಿದೆ. ಇಲ್ಲವೇ ಯಾವುದೋ ಭಾಗ ಒತ್ತಡಕ್ಕೆ ಬಾಗುತ್ತಿದೆ ಅಥವಾ ಉಬ್ಬುತ್ತಿದೆ.

ಮೊದಲ ಒತ್ತು ಉದ್ದ ಹೋಗಿ, ಬೆನ್ನಿಗೇ ಎರಡನೆಯದೋ ಮೂರನೆಯದೋ ಮೇಲೆಯೇ ಗಟ್ಟಿಯಾಗಿ ನಿಂತರೆ ಅದು ಗಾಳಿಯ ಲಕ್ಷಣ ಕಡಿಮೆ, ಸಂದಿನ ಲಕ್ಷಣ ಹೆಚ್ಚು. ಲೈನರಿಗೂ ಡ್ರಮ್ಮಿಗೂ, ಅಥವಾ ಪ್ಯಾಡಿಗೂ ಡಿಸ್ಕಿಗೂ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಅಂತರ ಇದೆ. ಮೊದಲ ಒತ್ತು ಆ ಸಂದು ತುಂಬುವುದರಲ್ಲೇ ಮುಗಿದುಹೋಗುತ್ತದೆ.

ಒಂದೇ ಸಮನೆ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ತಳಕ್ಕೆ ಇಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಆಯಿಲ್ ಹನಿ ಕಂಡರೆ ಪೈಪಿನದೋ ಜೋಡಣೆಯದೋ ತಪ್ಪು. ಹನಿಯೂ ಇಲ್ಲ, ಡಬ್ಬಿಯಲ್ಲಿ ಮಟ್ಟವೂ ಇಳಿದಿಲ್ಲ ಎಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ವಾಯ್ಸರ್ ಸುತ್ತ ಆಯಿಲ್ ಹಿಂದಕ್ಕೆ ನುಸುಳುತ್ತಿದೆ.

ಇನ್ನು ತಣ್ಣಗಿದ್ದಾಗ ಸರಿ ಇದ್ದು, ಗುಡ್ಡ ಇಳಿಯುವಾಗ ಮೆತ್ತಗಾಗುವುದು ಬೇರೆಯದೇ ಕಥೆ. ಅದನ್ನು ಆಯಿಲಿನ ಮಾತಿನಲ್ಲಿ ಹೇಳುತ್ತೇನೆ.

ನಮ್ಮ ಜೀಪಿನ ಪೆಡಲ್ ಪುಟಿಯುತ್ತಿತ್ತು, ಬೆಳಿಗ್ಗೆ ಮೊದಲ ಒತ್ತು ಉದ್ದವೂ ಹೋಗುತ್ತಿತ್ತು. ಎರಡು ಕಾಯಿಲೆ ಒಂದರ ಮೇಲೊಂದು ಕುಳಿತಿದ್ದವು ಎಂಬುದು ಆಗ ಹೊಳೆಯಲಿಲ್ಲ.

ಮೇಲಿರಬೇಕಾದ ನಿಪ್ಪಲ್ ಕೆಳಗೆ

ನಾಲ್ಕನೆಯ ದಿನ ರಾಮದುರ್ಗದ ಕಡೆಯ ಒಬ್ಬ ಹಿರಿಯ ಮಿಸ್ತ್ರಿಯನ್ನು ಮನೆಗೇ ಕರೆತಂದೆ. ಕಾಕಾ ಪೆಡಲ್ ಒತ್ತಿಯೂ ನೋಡಲಿಲ್ಲ. ಮುಂದಿನ ಗಾಲಿ ಬಿಚ್ಚಿಸಿ, ಕುಕ್ಕರಗಾಲಲ್ಲಿ ಕುಳಿತು ಕ್ಯಾಲಿಪರ್ ನೋಡಿ, "ತಮ್ಮಾ, ನಿಪ್ಪಲ್ ಕೆಳಗ ಮಾರಿ ಮಾಡಿ ಕುಂತೈತಲ್ಲೋ. ಗಾಳಿ ಮ್ಯಾಲ ಹೋಗೂದೋ, ಕೆಳಗ ಇಳಿಯೂದೋ?" ಎಂದರು.

ಆಯಿಲ್ ಹೊರಬಿಡುವ ನಿಪ್ಪಲ್ ಕ್ಯಾಲಿಪರಿನ ಅತಿ ಎತ್ತರದ ಜಾಗದಲ್ಲಿ ಇರಬೇಕು. ಗಾಳಿಗುಳ್ಳೆ ಏರುವುದು ಅಲ್ಲಿಗೇ. ಎಡಗಡೆಯ ಕ್ಯಾಲಿಪರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಬಿಟ್ಟರೆ ಬೋಲ್ಟೆಲ್ಲ ಸರಿಯಾಗಿ ಕೂರುತ್ತವೆ, ಡಿಸ್ಕ್ ತಿರುಗುತ್ತದೆ, ಪ್ಯಾಡ್ ಹಿಡಿಯುತ್ತದೆ, ಆದರೆ ನಿಪ್ಪಲ್ ತಲೆಕೆಳಗಾಗುತ್ತದೆ. ಆಮೇಲೆ ಎಷ್ಟು ಲೀಟರ್ ಆಯಿಲ್ ಹರಿಸಿದರೂ ಕ್ಯಾಲಿಪರಿನ ನೆತ್ತಿಯಲ್ಲಿ ಕುಳಿತ ಗಾಳಿ ಅಲ್ಲೇ ಇರುತ್ತದೆ. ಬೇರೆ ಗಾಡಿಯ ಕ್ಯಾಲಿಪರ್ ತಂದು, ಬ್ರ್ಯಾಕೆಟ್ ಮಾಡಿಸಿ ಕೂರಿಸುವ ಕೆಲಸದಲ್ಲಿ ಈ ತಪ್ಪು ಬಹಳ ಸುಲಭ. ಏಕೆಂದರೆ ಆ ಜಾಗಕ್ಕೆ ಅದು ಹುಟ್ಟಿದ್ದೇ ಅಲ್ಲ. ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ಮಾಡುವವನೇ ನಿರ್ಧರಿಸಿರುತ್ತಾನೆ. ಆದ್ದರಿಂದ ಡಿಸ್ಕ್ ಹಾಕಿಸಿದ ಮೇಲೆ ಮೊದಲು ನೋಡಬೇಕಾದ್ದು ಇದನ್ನೇ. ಕಣ್ಣು ಸಾಕು, ದುಡ್ಡು ಬೇಡ. ಕೂರಿಸಿದ ಕೋನದಿಂದಾಗಿ ನಿಪ್ಪಲ್ ಪೂರ್ತಿ ಮೇಲೆ ಬರದೆ ಓರೆಯಾಗಿದ್ದರೆ, ಕ್ಯಾಲಿಪರನ್ನು ಬಿಚ್ಚಿ, ಪೈಪ್ ಕಳಚದೆ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಕಟ್ಟಿಗೆ ಅಥವಾ ಕಬ್ಬಿಣದ ಪಟ್ಟಿ ಕೊಟ್ಟು, ನಿಪ್ಪಲ್ ಮೇಲಾಗುವಂತೆ ಹಿಡಿದು ಏರ್ ತೆಗೆಯಬಹುದು. ನಡುವೆ ಏನೂ ಇಡದೆ ಪೆಡಲ್ ಒತ್ತಿದಿರೋ, ಪಿಸ್ಟನ್ ಹಾರಿ ಹೊರಗೆ ಬರುತ್ತದೆ.

ಏರ್ ತೆಗೆಯುವುದಕ್ಕೂ ಒಂದು ಕ್ರಮ ಉಂಟು. ನಿಪ್ಪಲಿಗೆ ಪಾರದರ್ಶಕ ಪೈಪ್ ಹಾಕಿ, ಅದರ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಬೇಕು. ಒಬ್ಬರು ಪೆಡಲಿನ ಮೇಲೆ, ಒಬ್ಬರು ಪಾನಾ ಹಿಡಿದು ಗಾಲಿಯ ಹತ್ತಿರ. "ಒತ್ತು" ಎಂದಾಗ ಒತ್ತಿ ಹಿಡಿಯಬೇಕು, ನಿಪ್ಪಲ್ ಬಿಚ್ಚಿ ಆಯಿಲ್ ಬಿಟ್ಟು, ಮತ್ತೆ ಬಿಗಿದ ಮೇಲೇ "ಬಿಡು" ಎನ್ನಬೇಕು. ನಿಪ್ಪಲ್ ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೊರಗಿನ ಗಾಳಿಯನ್ನು ತಾನೇ ಹೀರಿಕೊಳ್ಳುತ್ತದೆ. ಪೆಡಲನ್ನು ದಬದಬ ಹೊಡೆಯಬಾರದು. ಒಂದು ದೊಡ್ಡ ಗುಳ್ಳೆ ಹತ್ತು ಸಣ್ಣ ಗುಳ್ಳೆಗಳಾಗಿ ಒಡೆದು ಆಯಿಲಿನಲ್ಲಿ ಬೆರೆತುಬಿಡುತ್ತದೆ. ಹಳೆಯ ಮಾಸ್ಟರ್ ಸಿಲಿಂಡರ್ ಇದ್ದರೆ ಪೆಡಲಿನ ಕೆಳಗೆ ಕಟ್ಟಿಗೆಯ ತುಂಡು ಇಟ್ಟುಕೊಳ್ಳಿ. ವರ್ಷಗಟ್ಟಲೆ ಪಿಸ್ಟನ್ ತಲುಪದಿದ್ದ ಆಳದಲ್ಲಿ ತುಕ್ಕು, ಜಿಡ್ಡು ಕೂತಿರುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿದಾಗ ವಾಯ್ಸರಿನ ಅಂಚು ಅಲ್ಲಿ ಹರಿಯುತ್ತದೆ. ಏರ್ ತೆಗೆಯಲು ಹೋಗಿ ಮಾಸ್ಟರ್ ಕೆಟ್ಟಿತು ಎಂದು ಜನ ಹೇಳುವುದರ ಹಿಂದೆ ಇರುವುದು ಹೆಚ್ಚಾಗಿ ಇದೇ.

ಯಾವ ಗಾಲಿ ಮೊದಲು? ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ ಎಂಬುದು ರೂಢಿ. ಬಲಗಡೆ ಸ್ಟೇರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಆದರೆ ಮುಂದಿನ ಗಾಲಿಗೆ ಎಂಜಿನ್ ಶಕ್ತಿ ಹೋಗುವ ಎಷ್ಟೋ ಕಾರುಗಳಲ್ಲಿ ಆಯಿಲಿನ ದಾರಿ ಓರೆಯಾಗಿ ಹಂಚಿರುತ್ತದೆ. ಒಂದು ಮುಂದಿನ ಗಾಲಿಗೆ ಎದುರು ಮೂಲೆಯ ಹಿಂದಿನ ಗಾಲಿ ಜೋಡಿ. ಅಂಥವಕ್ಕೆ ಕಂಪನಿಯ ಕೈಪಿಡಿ ಹೇಳಿದ ಕ್ರಮವೇ ಸರಿ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಒಮ್ಮೆಯೂ ಬಿಡಬೇಡಿ, ಬಿಟ್ಟರೆ ಮೊದಲಿಂದ ಶುರು. ಹೊಸ ಮಾಸ್ಟರ್ ಸಿಲಿಂಡರ್ ಹಾಕಿದ್ದರೆ ಗಾಡಿಗೆ ಕೂರಿಸುವ ಮೊದಲೇ ಅದನ್ನು ಮೇಜಿನ ವೈಸಿನಲ್ಲಿ ಹಿಡಿದು, ತುಂಬಿಸಿ, ಗಾಳಿ ತೆಗೆಯಬೇಕು. ಈ ಕೆಲಸ ಬಿಟ್ಟುಬಿಡುವವರೇ ಹೆಚ್ಚು.

ಕಾಕಾ ಕ್ಯಾಲಿಪರುಗಳನ್ನು ಅದಲುಬದಲು ಮಾಡಿ, ಒಂದು ತಾಸಿನಲ್ಲಿ ಏರ್ ತೆಗೆದರು. ರಬ್ಬರ್ ಸುತ್ತಿಗೆಯಿಂದ ಕ್ಯಾಲಿಪರಿನ ಮೈಮೇಲೆ ಮೆಲ್ಲಗೆ ತಟ್ಟಿದರು. ಅಂಟಿಕೊಂಡ ಗುಳ್ಳೆ ಬಿಟ್ಟು ಬರಲೆಂದು. ಪುಟಿಯುವುದು ನಿಂತಿತು.

ಬೆಳಗಿನ ಮೊದಲ ಒತ್ತು

ಮರುದಿನ ಬೆಳಿಗ್ಗೆ ನೋಡಿದರೆ ಮೊದಲ ಒತ್ತು ಮತ್ತೆ ಉದ್ದ. ಎರಡನೆಯದು ಗಟ್ಟಿ. ಗಾಡಿ ಎರಡು ತಾಸು ನಿಂತರೂ ಅದೇ ಕಥೆ. ಇಲ್ಲಿ ಹಳೆಯ ಜೀಪಿನ ಮೈಕಟ್ಟೇ ಕಾರಣ. ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನೊಳಗೆ ಎತ್ತರದಲ್ಲಿರುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಅದು ಚಾಲಕನ ಕಾಲಡಿ, ನೆಲದ ತಗಡಿನ ಕೆಳಗೆ. ಕ್ಯಾಲಿಪರ್ ಮೇಲೆ, ಮಾಸ್ಟರ್ ಕೆಳಗೆ. ಗಾಡಿ ನಿಂತಾಗ ಆಯಿಲ್ ಇಳಿಜಾರಿನ ಕಡೆ ಹಿಂದಕ್ಕೆ ಸರಿಯುತ್ತದೆ, ಕ್ಯಾಲಿಪರ್ ಪಿಸ್ಟನ್ ಒಂದು ಕೂದಲೆಳೆಯಷ್ಟು ಒಳಹೋಗುತ್ತದೆ. ಅಷ್ಟು ಸಾಕು, ಪೆಡಲ್ ಅರ್ಧ ಹೋಗಲು.

ಡ್ರಮ್ ಇದ್ದಾಗ ಈ ತೊಂದರೆ ಏಕಿರಲಿಲ್ಲ? ಡ್ರಮ್ಮಿಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್ಐ ಒತ್ತಡ ಉಳಿಸಿಕೊಂಡು, ವೀಲ್ ಸಿಲಿಂಡರಿನ ವಾಯ್ಸರ್ ಬಾಯಿಬಿಟ್ಟು ಗಾಳಿ ಹೀರದಂತೆ ನೋಡಿಕೊಳ್ಳುತ್ತದೆ. ಡ್ರಮ್ಮಿನ ಒಳಗೆ ಲೈನರನ್ನು ಹಿಂದಕ್ಕೆಳೆಯುವ ಬಲವಾದ ಸ್ಪ್ರಿಂಗ್ ಇರುವುದರಿಂದ ಆ ಒತ್ತಡ ಏನೂ ಮಾಡದು. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. 10 ಪಿಎಸ್ಐ ಉಳಿದರೆ ಪ್ಯಾಡ್ ಸದಾ ಉಜ್ಜುತ್ತ ಗಾಲಿ ಬಿಸಿಯಾಗುತ್ತದೆ. ಅದಕ್ಕೆಂದು ಡಿಸ್ಕ್ ಹಾಕಿದವರು ಆ ವಾಲ್ವ್ ಕಿತ್ತು ಬಿಸಾಕಿರುತ್ತಾರೆ. ಕಿತ್ತದ್ದು ಸರಿ, ಅದರ ಜಾಗಕ್ಕೆ ಬೇರೆಯದನ್ನು ಹಾಕದಿದ್ದದ್ದು ತಪ್ಪು. ಮಾಸ್ಟರ್ ಕೆಳಗಿರುವ ಗಾಡಿಯ ಡಿಸ್ಕಿನ ದಾರಿಗೆ 2 ಪಿಎಸ್ಐನ ವಾಲ್ವ್ ಬೇಕು: ಆಯಿಲ್ ಹಿಂದೆ ಸರಿಯದಷ್ಟು, ಪ್ಯಾಡ್ ಉಜ್ಜದಷ್ಟು. ಅಂಗಡಿಯಲ್ಲಿ 'ರೆಸಿಡ್ಯುಯಲ್ ಪ್ರೆಶರ್ ವಾಲ್ವ್' ಎಂದು ಕೇಳಬೇಕು. ಮೈಮೇಲೆ ಆಯಿಲ್ ಹರಿಯುವ ದಿಕ್ಕಿನ ಬಾಣ ಇರುತ್ತದೆ, ತಿರುಗಾಮುರುಗಾ ಹಾಕಬಾರದು.

ನಾವು ಅದೇ ಕೆಲಸದಲ್ಲಿ ಒಂಟಿ ಕೋಣೆಯ ಮಾಸ್ಟರ್ ತೆಗೆಸಿ ಎರಡು ಕೋಣೆಯ ಟ್ಯಾಂಡಮ್ ಮಾಸ್ಟರ್ ಹಾಕಿಸಿದೆವು. ಮುಂದಿನ ಡಿಸ್ಕಿಗೆ ಒಂದು ದಾರಿ, ಹಿಂದಿನ ಡ್ರಮ್ಮಿಗೆ ಇನ್ನೊಂದು. ಒಂದಕ್ಕೆ 2, ಮತ್ತೊಂದಕ್ಕೆ 10ರ ವಾಲ್ವ್. ಹಳೆಯ ಜೀಪಿಗೆ ಡಿಸ್ಕ್ ಹಾಕಿಸುವ ಯಾರಿಗೂ ನಾನು ಇದನ್ನೇ ಹೇಳುವೆ. ಒಂಟಿ ಕೋಣೆಯಲ್ಲಿ ಎಲ್ಲಿಯಾದರೂ ಒಂದು ಪೈಪ್ ಒಡೆದರೆ ನಾಲ್ಕೂ ಗಾಲಿಯ ಬ್ರೇಕ್ ಒಟ್ಟಿಗೇ ಹೋಗುತ್ತದೆ. ದುಡ್ಡು ಉಳಿಸುವ ಜಾಗ ಅದಲ್ಲ. ಡಿಸ್ಕಿನ ಕಡೆಯ ಆಯಿಲ್ ಕೋಣೆ ದೊಡ್ಡದಿರಲಿ ಎಂಬುದನ್ನೂ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೇ ಉಳಿಯುತ್ತ, ಅದರ ಹಿಂದೆ ಆಯಿಲ್ ತುಂಬಿಕೊಳ್ಳುತ್ತ ಹೋಗುತ್ತದೆ. ಸಣ್ಣ ಕೋಣೆ ಬರಿದಾಗಿಬಿಡುತ್ತದೆ.

ಉದ್ದದ ಮೊದಲ ಒತ್ತಿಗೆ ಕಾರುಗಳಲ್ಲಿ ಬೇರೆ ಕಾರಣಗಳು. ಹಿಂದಿನ ಡ್ರಮ್ಮಿನ ಲೈನರ್ ಅಡ್ಜಸ್ಟ್ ಮಾಡದೆ ಬಿಟ್ಟಿರಬಹುದು. ಎಲ್ಲರ ಗಮನ ಮುಂದಿನ ಹೊಸ ಡಿಸ್ಕಿನ ಮೇಲಿರುವಾಗ ಇದು ಮರೆತುಹೋಗುತ್ತದೆ. ಹಿಂದಕ್ಕೂ ಡಿಸ್ಕ್ ಹಾಕಿಸಿದ್ದರೆ, ಹ್ಯಾಂಡ್‌ಬ್ರೇಕ್ ಜೋಡಿಸಿರುವ ಕ್ಯಾಲಿಪರಿನ ಒಳಗಿನ ಅಡ್ಜಸ್ಟರ್ ಇನ್ನೂ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಗಾಡಿ ನಿಲ್ಲಿಸಿ ಮೊದಲು ಪೆಡಲ್, ಆಮೇಲೆ ಹ್ಯಾಂಡ್‌ಬ್ರೇಕ್, ಹೀಗೆ ಹತ್ತಿಪ್ಪತ್ತು ಸಲ ಎಳೆದು ಬಿಟ್ಟು ಮಾಡಿದರೆ ಎಷ್ಟೋ ಗಾಡಿಗಳಲ್ಲಿ ಪೆಡಲ್ ಮೇಲೆ ಬರುತ್ತದೆ. ಒಳರಸ್ತೆಯ ಕಲ್ಲುಗುಂಡಿ ದಾಟಿದ ಮೇಲೆ ಮಾತ್ರ ಮೊದಲ ಒತ್ತು ಉದ್ದ ಹೋಗುತ್ತಿದ್ದರೆ ಹಬ್ಬಿನ ಬೇರಿಂಗ್ ನೋಡಿ. ಗಾಲಿ ಎತ್ತಿ, ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಬೇರಿಂಗ್ ಸಡಿಲ ಇದ್ದರೆ ಡಿಸ್ಕ್ ಓಲಾಡುತ್ತ ಪ್ಯಾಡನ್ನು ಹಿಂದಕ್ಕೆ ದೂಡುತ್ತದೆ.

ಹೊಸ ಎತ್ತಿಗೆ ಹಳೆಯ ನೊಗ

ಗಾಳಿ ಇಲ್ಲ, ಸೋರಿಕೆ ಇಲ್ಲ, ಸಂದು ಸರಿ ಇದೆ. ಆದರೂ ಪೆಡಲ್ ಮೊದಲಿಗಿಂತ ಉದ್ದ. ದೊಡ್ಡ ಕ್ಯಾಲಿಪರ್ ಹಾಕಿಸಿದವರಿಗೆ ಹೀಗಾಗುತ್ತದೆ, ಇದನ್ನು ಏರ್ ತೆಗೆದು ಸರಿಮಾಡಲು ಸಾಧ್ಯವೇ ಇಲ್ಲ. ಇಲ್ಲಿ ಲೆಕ್ಕ ಹಾಕಬೇಕು.

ಹಳೆಯ ಕ್ಯಾಲಿಪರಿನ ಪಿಸ್ಟನ್ 48 ಮಿ.ಮೀ. ಅಗಲ ಇತ್ತು ಎನ್ನೋಣ. ಅದರ ಮುಖದ ವಿಸ್ತೀರ್ಣ 18.1 ಚದರ ಸೆಂ.ಮೀ. ಹೊಸದು 54 ಮಿ.ಮೀ.; ವಿಸ್ತೀರ್ಣ 22.9. ಅಗಲದಲ್ಲಿ ಆರೇ ಮಿಲಿಮೀಟರ್ ಹೆಚ್ಚಾದರೂ ಆಯಿಲಿನ ಹಸಿವು ಶೇ 27ರಷ್ಟು ಹೆಚ್ಚಿತು. ಎರಡೂ ಮುಂದಿನ ಪಿಸ್ಟನ್ ಅರ್ಧ ಮಿಲಿಮೀಟರ್ ಮುಂದೆ ಬರಬೇಕಾದರೆ ಮೊದಲು 1.8 ಸಿಸಿ ಆಯಿಲ್ ಸಾಕಿತ್ತು, ಈಗ 2.3 ಸಿಸಿ ಬೇಕು. ಅದನ್ನು ಕಳಿಸುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದೇ, 20.6 ಮಿ.ಮೀ. ಅಗಲದ್ದು. ಅದರ ಪಿಸ್ಟನ್ ಮೊದಲು 5.4 ಮಿ.ಮೀ. ಸರಿಯುತ್ತಿತ್ತು, ಈಗ 6.9 ಸರಿಯಬೇಕು. ಪೆಡಲಿನ ಕೀಲು ನಾಲ್ಕು ಪಟ್ಟು ಇದ್ದರೆ ಕಾಲಿನ ಲೆಕ್ಕದಲ್ಲಿ ಸುಮಾರು 22 ಮಿ.ಮೀ. ಇದ್ದದ್ದು 27 ಆಯಿತು. ಮುಂದಿನ ಎರಡು ಗಾಲಿಯ ಲೆಕ್ಕವಷ್ಟೇ ಇದು.

ಈಗ 22.2 ಮಿ.ಮೀ. ಅಗಲದ ಮಾಸ್ಟರ್ ಹಾಕಿದರೆ ಅದೇ ಕೆಲಸಕ್ಕೆ ಪೆಡಲ್ 24 ಮಿ.ಮೀ.ಗೆ ಹಿಂದಿರುಗುತ್ತದೆ. ಆದರೆ ಪುಕ್ಕಟೆ ಏನೂ ಸಿಗದು: ಅಷ್ಟೇ ಬಲದಿಂದ ಒತ್ತಿದರೆ ಆಯಿಲಿನ ಒತ್ತಡ ಶೇ 14ರಷ್ಟು ಕಡಿಮೆ. ಪಿಸ್ಟನ್ ದೊಡ್ಡದಾದ್ದರಿಂದ ಕೊನೆಗೆ ಪ್ಯಾಡಿನ ಹಿಡಿತ ಹಳೆಯದಕ್ಕಿಂತ ಶೇ 9ರಷ್ಟು ಹೆಚ್ಚೇ ಉಳಿಯಿತು. ಪೆಡಲ್ ಗಟ್ಟಿಯಾಗಲಿ ಎಂದು ಕೈಗೆ ಸಿಕ್ಕ ದೊಡ್ಡ ಮಾಸ್ಟರ್ ಹಾಕಿಬಿಟ್ಟರೆ ಈ ಲೆಕ್ಕ ತಲೆಕೆಳಗಾಗಿ, ಎರಡು ಕಾಲಿಟ್ಟು ಒತ್ತಿದರೂ ಗಾಡಿ ನಿಲ್ಲದಂತಾಗುತ್ತದೆ. ಗಟ್ಟಿ ಪೆಡಲೂ ಒಳ್ಳೆಯ ಬ್ರೇಕೂ ಒಂದೇ ಅಲ್ಲ. ಬೂಸ್ಟರ್ ಇಲ್ಲದ ಹಳೆಯ ಗಾಡಿಗೆ ಡಿಸ್ಕ್ ಹಾಕಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಡ್ರಮ್ಮಿನಲ್ಲಿ ತಿರುಗುವ ಗಾಲಿಯೇ ಲೈನರನ್ನು ತನ್ನೊಳಗೆ ಎಳೆದುಕೊಂಡು ಹಿಡಿತ ಹೆಚ್ಚಿಸುತ್ತದೆ, ಡಿಸ್ಕಿಗೆ ಆ ಗುಣ ಇಲ್ಲ. ಅದು ಪೂರ್ತಿ ಕಾಲಿನ ಬಲವನ್ನೇ ಕೇಳುತ್ತದೆ.

ಕ್ಯಾಲಿಪರ್ ಕೊಳ್ಳುವ ಮೊದಲು ವರ್ನಿಯರಿನಿಂದ ಎರಡೂ ಪಿಸ್ಟನ್ ಅಳೆದು ಕಾಗದದಲ್ಲಿ ಬರೆದುಕೊಳ್ಳಿ. ಎರಡೂ ಬದಿಗೆ ಪಿಸ್ಟನ್ ಇರುವ ಕ್ಯಾಲಿಪರಾದರೆ ಒಂದು ಬದಿಯವನ್ನಷ್ಟೇ ಕೂಡಿಸಿ, ಒಂದೇ ಬದಿಗೆ ಪಿಸ್ಟನ್ ಇರುವ ಹಳೆಯದರ ಜೊತೆ ಹೋಲಿಸಿ. ಮಾಸ್ಟರಿನ ಅಗಲ ಎಷ್ಟೋ ಸಲ ಅದರ ಎರಕದ ಮೈಮೇಲೇ ಅಚ್ಚಾಗಿರುತ್ತದೆ. ಜೋಡೆತ್ತು ಕೊಳ್ಳುವಾಗ ಹಲ್ಲು ನೋಡಿ, ಎತ್ತರ ನೋಡಿ, ಒಂದಕ್ಕೊಂದು ಸಮವೇ ಎಂದು ನಾಲ್ಕು ಸಲ ನಡೆಸಿ ನೋಡುವ ನಮ್ಮ ಊರಲ್ಲಿ ಬ್ರೇಕಿನ ಜೋಡಿಯನ್ನು ಹಾಗೆ ನೋಡುವವರು ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಯಾವುದೂ ಹೊಂದದಿದ್ದರೆ ದಾರಿಯನ್ನು ತುಂಡು ತುಂಡಾಗಿ ಹುಡುಕಬೇಕು. ಮಾಸ್ಟರ್ ಸಿಲಿಂಡರಿನ ಪೈಪುಗಳನ್ನು ಕಳಚಿ, ಅದೇ ಥ್ರೆಡ್ಡಿನ ಬಂದ್ ಬೋಲ್ಟ್ ಹಾಕಿ, ಒಳಗೆ ಗಾಳಿ ಉಳಿಯದಂತೆ ನೋಡಿಕೊಂಡು ಪೆಡಲ್ ಒತ್ತಿ. ಕಲ್ಲಿನಂತೆ ನಿಂತರೆ ಮಾಸ್ಟರ್ ಚೆನ್ನಾಗಿದೆ, ತಪ್ಪು ಅದರ ಆಚೆ. ಇಳಿಯುತ್ತ ಹೋದರೆ ಮಾಸ್ಟರಿನದೇ ತಪ್ಪು. ಇನ್ನು ಒಂದೊಂದೇ ಪೈಪನ್ನು ಜೋಡಿಸುತ್ತ ಹೋದರೆ ಯಾವ ಗಾಲಿ ಸೇರಿಸಿದಾಗ ಮೆತ್ತಗಾಯಿತು ಎಂಬುದು ಸಿಗುತ್ತದೆ. ರಬ್ಬರ್ ಹೋಸನ್ನು ಕ್ಲಾಂಪಿನಿಂದ ಹಿಚುಕಿ ಪರೀಕ್ಷೆ ಮಾಡುವವರೂ ಇದ್ದಾರೆ. ನುಣುಪು ಬಾಯಿಯ ಕ್ಲಾಂಪೇ ಆಗಬೇಕು, ಇಕ್ಕಳ ಹಾಕಿದರೆ ಹೋಸಿನ ಒಳಪದರ ಸೀಳುತ್ತದೆ. ಸ್ಟೀಲ್ ಹೆಣಿಗೆಯ ಹೋಸಿಗಂತೂ ಯಾವ ಕ್ಲಾಂಪೂ ಬೇಡ. ತಪ್ಪಿರುವ ಗಾಲಿ ಸಿಕ್ಕ ಮೇಲೆ ಒಬ್ಬರು ಪೆಡಲ್ ಒತ್ತಲಿ, ನೀವು ಕ್ಯಾಲಿಪರನ್ನೇ ನೋಡುತ್ತಿರಿ. ಊರಲ್ಲಿ ಮಾಡಿಸಿದ ಬ್ರ್ಯಾಕೆಟ್ ತೆಳುವಾಗಿದ್ದರೆ ಅದು ಬಾಗುವುದು ಕಣ್ಣಿಗೇ ಕಾಣುತ್ತದೆ. ಬ್ರ್ಯಾಕೆಟ್ ಓರೆಯಾಗಿದ್ದರೆ ಪ್ಯಾಡಿನ ಒಂದು ತುದಿ ಮೊದಲು ತಾಗಿ, ಉಳಿದದ್ದು ತಾಗಲು ಕ್ಯಾಲಿಪರ್ ತಿರುಚಿಕೊಳ್ಳಬೇಕಾಗುತ್ತದೆ. ಆ ತಿರುಚು ಕಾಲಿಗೆ ಮೆತ್ತಗೆ ಅನಿಸುತ್ತದೆ. ಹೋಸ್ ಜೋಡಿಸುವ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಪ್ರತಿಸಲವೂ ಹೊಸದೇ ಇರಬೇಕು.

ಆಯಿಲ್

ಡಾಟ್ 3, ಡಾಟ್ 4 ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತೇವ ಶೇ 3.7ಕ್ಕೆ ಬಂದಾಗ ಆ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಎಲ್ಲಮ್ಮನ ಗುಡ್ಡದಿಂದ ಹತ್ತು ಮಂದಿ ತುಂಬಿದ ಕ್ರೂಸರು ನ್ಯೂಟ್ರಲ್‌ನಲ್ಲಿ, ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಕ್ಯಾಲಿಪರಿನ ಒಳಗೆ ಆಯಿಲ್ ಕುದಿದು ಆವಿಯಾಗಬಹುದು. ಆವಿ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ತಳ ಸೇರುತ್ತದೆ. ತಣ್ಣಗಾದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಗಟ್ಟಿ. ಅದಕ್ಕೇ ಈ ದೋಷ ಗ್ಯಾರೇಜಿನಲ್ಲಿ ಸಿಗುವುದಿಲ್ಲ. ಏರಿದ ಗಿಯರಿನಲ್ಲೇ ಇಳಿಯಿರಿ, ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ, ಬಿಚ್ಚಿದ ಡಬ್ಬಿಯ ಉಳಿದ ಆಯಿಲನ್ನು ಮುಂದಿನ ವರ್ಷಕ್ಕೆಂದು ಅಟ್ಟದ ಮೇಲಿಡಬೇಡಿ. ಕಿತ್ತೂರು ಕಡೆಯ ಮಳೆಗಾಲದ ಹವೆಯಲ್ಲಿ ಇದು ಇನ್ನೂ ಮುಖ್ಯ.

ಡಾಟ್ 5 ಎಂಬುದು ಸಿಲಿಕೋನ್, 5.1 ಬೇರೆ, 5 ಬೇರೆ. ಡಾಟ್ 5 ಅನ್ನು 3, 4ರ ಜೊತೆ ಬೆರೆಸಬಾರದು. ಸ್ಟೇರಿಂಗ್ ಆಯಿಲ್, ಎಂಜಿನ್ ಆಯಿಲ್ ತಪ್ಪಿ ಒಂದು ಚಮಚ ಬಿದ್ದರೂ ಒಳಗಿನ ರಬ್ಬರೆಲ್ಲ ಉಬ್ಬಿ, ಇಡೀ ದಾರಿಯ ವಾಯ್ಸರ್, ಹೋಸ್ ಬದಲಿಸಬೇಕಾಗುತ್ತದೆ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಒರೆಸಬೇಡಿ, ನೀರು ಸುರಿಯಿರಿ. ಎರಿಮಣ್ಣಿನ ದೂಳಿನ ಊರು ನಮ್ಮದು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಸುತ್ತ ಒರೆಸಿ ತೆಗೆಯಿರಿ.

ಇತ್ತೀಚಿನ ಕಾರಾದರೆ ಇನ್ನೊಂದು ಮಾತಿದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಕೆಲಸದ ನಡುವೆ ಆಯಿಲ್ ಡಬ್ಬಿ ಬರಿದಾಗಿದ್ದರೆ ಗಾಳಿ ಎಬಿಎಸ್ ಪೆಟ್ಟಿಗೆಯ ಸಣ್ಣ ವಾಲ್ವುಗಳೊಳಗೆ ಹೊಕ್ಕಿರುತ್ತದೆ. ಪೆಡಲ್ ಒತ್ತಿ ಅದನ್ನು ತೆಗೆಯಲು ಆಗುವುದಿಲ್ಲ. ಸ್ಕ್ಯಾನರ್ ಜೋಡಿಸಿ, ಅದರ ಪಂಪನ್ನು ಚಾಲೂ ಮಾಡಿ ತೆಗೆಯಬೇಕು. ಆ ಸೌಕರ್ಯ ಇರುವಲ್ಲಿಗೇ ಹೋಗಿ. ಕಾನೂನಿನ ಮಾತೂ ಒಂದಿದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ಸ್ವರೂಪ ಬದಲಿಸುವುದಕ್ಕೆ ಮಿತಿ ಹಾಕಿದೆ. ದೊಡ್ಡ ಬದಲಾವಣೆಗೆ ಮೊದಲು ಆರ್‌ಟಿಒ ಮತ್ತು ವಿಮೆಯವರಲ್ಲಿ ಕೇಳಿಕೊಂಡರೆ ಮುಂದೆ ತೊಡಕಿಲ್ಲ.

ಎಲ್ಲ ಮುಗಿದ ಮೇಲೆ ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಒಬ್ಬರು ಟಾರ್ಚ್ ಹಿಡಿದು ಪ್ರತಿ ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ನೋಡಲಿ. ಆಮೇಲೆ ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ. ಅದು ಸರಿ ಇದ್ದರೆ ಬೆಳಗಿನ ಖಾಲಿ ರಸ್ತೆಯಲ್ಲಿ 60ರ ವೇಗದಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ಒಂದಿಷ್ಟು ಓಡಿಸಿ ಆರಲು ಬಿಡಿ. ಹೊಸ ಪ್ಯಾಡ್ ಹೊಂದಿಕೊಳ್ಳುವುದು ಹೀಗೆ.

ಹುಣ್ಣಿಮೆಯ ಹಿಂದಿನ ಸಂಜೆ ಕಾಕಾ ಜೀಪಿನ ನೆಲದ ತಗಡು ಎತ್ತಿ, ಆಯಿಲ್ ಡಬ್ಬಿಯ ಮೇಲೆ ಮೊಳೆಯಿಂದ ಒಂದು ಗೀರು ಎಳೆದರು. "ಗುಡ್ಡದಿಂದ ಬಂದ ಮ್ಯಾಲ ಮೊದಲ ಇದನ್ನ ನೋಡು. ಗೆರಿ ಬಿಟ್ಟ ಕೆಳಗ ಇಳಿದಿದ್ರ ನಂಗ ಫೋನ್ ಹಚ್ಚು, ಗಾಡಿ ಮುಟ್ಟಬ್ಯಾಡ." ಮೂರನೆಯ ದಿನ ರಾತ್ರಿ ಮನೆಗೆ ಬಂದು, ಮಕ್ಕಳನ್ನು ಇಳಿಸಿ, ಟಾರ್ಚ್ ಹಾಕಿ ತಗಡು ಎತ್ತಿದೆ. ಭಂಡಾರದ ಪುಡಿ ಅಲ್ಲಿಯವರೆಗೂ ಇಳಿದಿತ್ತು. ಒರೆಸಿ ನೋಡಿದೆ. ಆಯಿಲ್ ಗೆರೆಗೆ ಸರಿಯಾಗಿ ನಿಂತಿತ್ತು.